ಸೋರೆಬುರುಡೆಯೊಳಗಿನ ಸಂಸಾರ

ಅಮೆರಿಕದ ಟೆಕ್ಸಾಸ್, ಜಾರ್ಜಿಯಾ, ಕೆರೊಲಿನಾ ಕಡೆಯ ಹಳ್ಳಿದಾರಿಗಳಲ್ಲಿ ಹೋಗುವಾಗ ಮನೆಯ ಹಿತ್ತಲಲ್ಲೋ ಹೊಲದ ಅಂಚಿನಲ್ಲೋ ಒಂದು ಎತ್ತರದ ಕಂಬ, ಕಂಬದ ತಲೆಗೆ ಅಡ್ಡತೋಳುಗಳು, ತೋಳುಗಳಿಗೆ ಜೋತುಬಿದ್ದ ಬಿಳಿ ಸೋರೆಬುರುಡೆಗಳು ಕಾಣುತ್ತವೆ. ದೃಷ್ಟಿ ತಾಗದಿರಲೆಂದು ಕಟ್ಟಿದ್ದಾರೇನೋ ಎಂದು ನಮ್ಮವರಿಗೆ ಅನ್ನಿಸಿದರೆ ತಪ್ಪಲ್ಲ. ಅದು ಪರ್ಪಲ್ ಮಾರ್ಟಿನ್ ಹಕ್ಕಿಗಳ ಕೇರಿ.

ಮಾರ್ಟಿನ್ ಸ್ವಾಲೋ ಕುಟುಂಬದ್ದು. ಚಳಿಗಾಲದಲ್ಲಿ ನಮ್ಮ ಊರುಗಳ ಕರೆಂಟು ತಂತಿಯ ಮೇಲೆ ಸಾಲಾಗಿ ಕೂರುವ ಕವಲುತೋಕೆ ಇದರ ಚಿಕ್ಕ ದಾಯಾದಿ. ಉತ್ತರ ಅಮೆರಿಕದ ಸ್ವಾಲೋಗಳಲ್ಲೆಲ್ಲ ಇದೇ ದೊಡ್ಡದು: ಉದ್ದ ಸುಮಾರು 20 ಸೆಂ.ಮೀ., ತೂಕ 50 ಗ್ರಾಂ ಆಚೀಚೆ. ಗಂಡಿನ ಮೈಯೆಲ್ಲ ಕಪ್ಪುಗಟ್ಟಿದ ನೀಲಿ. ಬಿಸಿಲು ಬಿದ್ದಾಗ ಮಾಗಿದ ನೇರಳೆಹಣ್ಣಿನ ಹೊಳಪು. ಹೆಣ್ಣಿನ ಹೊಟ್ಟೆ ಬೂದು. ಒಂದು ವರ್ಷದ ಗಂಡು ಹಕ್ಕಿಯೂ ಹೆಣ್ಣಿನ ಹಾಗೇ ಕಾಣುತ್ತದೆ, ಎದೆಯ ಮೇಲೆ ಅಲ್ಲಲ್ಲಿ ಒಂದೊಂದು ಗಾಢ ಗರಿ ಮಾತ್ರ ಹೆಚ್ಚು. ಪೂರ್ತಿ ಬಣ್ಣ ಬರಲು ಎರಡು ವರ್ಷ ಬೇಕು. ಈ ಒಂದು ವರ್ಷದ ಹಕ್ಕಿಯನ್ನು ಚೆನ್ನಾಗಿ ಗುರುತಿಟ್ಟುಕೊಳ್ಳಿ. ಹೊಸ ಅಂಗಳಕ್ಕೆ ಕಾಲಿಡುವುದು ಹೆಚ್ಚಾಗಿ ಇದೇ.

ಪಶ್ಚಿಮದ ಮಾರ್ಟಿನ್‌ಗಳು ಇನ್ನೂ ಕಾಡಿನ ದಾರಿ ಬಿಟ್ಟಿಲ್ಲ. ಅರಿಜೋನಾದ ಮರುಭೂಮಿಯಲ್ಲಿ ಸಗ್ವಾರೊ ಕಳ್ಳಿಯೊಳಗೆ ಮರಕುಟಿಗ ಕೊರೆದಿಟ್ಟ ಪೊಟರೆಗಳಲ್ಲಿ ಮರಿಮಾಡುತ್ತವೆ. ಆದರೆ ರಾಕಿ ಪರ್ವತಗಳ ಪೂರ್ವಕ್ಕೆ ಈ ಹಕ್ಕಿ ಇಂದು ಹೆಚ್ಚುಕಡಿಮೆ ಪೂರ್ತಿಯಾಗಿ ಮನುಷ್ಯ ಕಟ್ಟಿಕೊಟ್ಟ ಮನೆಯಲ್ಲೇ ಮೊಟ್ಟೆಯಿಡುತ್ತದೆ. ಈ ನಂಟು ಹಳೆಯದು. ಅಮೆರಿಕದ ಮೂಲನಿವಾಸಿಗಳಾದ ಚಾಕ್ಟಾ, ಚಿಕಸಾ ಜನ ತಮ್ಮ ಗುಡಿಸಲುಗಳ ಪಕ್ಕ ಸೋರೆಬುರುಡೆ ತೂಗುಹಾಕಿ ಮಾರ್ಟಿನ್‌ಗಳನ್ನು ಇರಿಸಿಕೊಳ್ಳುತ್ತಿದ್ದರೆಂದು ಪಕ್ಷಿತಜ್ಞ ಅಲೆಕ್ಸಾಂಡರ್ ವಿಲ್ಸನ್ 19ನೇ ಶತಮಾನದ ಆರಂಭದಲ್ಲೇ ಬರೆದಿಟ್ಟಿದ್ದಾರೆ. ಆಮೇಲೆ ಬಂದ ಬಿಳಿಯರು ಅದೇ ರೂಢಿಯನ್ನು ಹಿಡಿದು ಮರದ ಪೆಟ್ಟಿಗೆಮನೆಗಳನ್ನು ಕಟ್ಟಿದರು. ಹೀಗೆ ತಲೆಮಾರುಗಳು ಕಳೆದು, ಪೂರ್ವದ ಮಾರ್ಟಿನ್‌ಗೆ ಮರದ ಪೊಟರೆಯ ನೆನಪೇ ಅಳಿದಂತಾಗಿದೆ. ನಾವು ಕೊಡದಿದ್ದರೆ ಅದಕ್ಕೆ ಮನೆಯಿಲ್ಲ.

ಆದ್ದರಿಂದಲೇ ಇದನ್ನು ಅಲಂಕಾರಕ್ಕೆ ಮಾಡುವ ಕೆಲಸ ಎಂದುಕೊಳ್ಳಬಾರದು. ಮಾರ್ಟಿನ್ ಸಾಕುವವರು ತಮ್ಮನ್ನು 'ಲ್ಯಾಂಡ್‌ಲಾರ್ಡ್' ಎಂದೇ ಕರೆದುಕೊಳ್ಳುತ್ತಾರೆ, ಮನೆಯ ಮಾಲೀಕರು. ಮಾಲೀಕತನದ ಮೊದಲ ನಿಯಮ ಒಂದೇ: ಇಳಿಸಿ ನೋಡಲು ಬಾರದ ಗೂಡನ್ನು ಏರಿಸಬೇಡಿ. ಉದ್ದ ಕಂಬಕ್ಕೆ ಚೆಂದದ ಮನೆ ಮೊಳೆ ಹೊಡೆದು ನಿಲ್ಲಿಸಿ, ಏಣಿಯಿಲ್ಲದೆ ಮುಟ್ಟಲಾಗದೆ ಬಿಟ್ಟರೆ, ಎರಡು ವರ್ಷದಲ್ಲಿ ಅದು ಗುಬ್ಬಿಗಳ ಮತ್ತು ಸ್ಟಾರ್ಲಿಂಗ್ ಎಂಬ ಹಕ್ಕಿಗಳ ಹೆರಿಗೆ ಆಸ್ಪತ್ರೆ ಆಗುತ್ತದೆ. ಅಂಥ ಮನೆ ಮಾರ್ಟಿನ್‌ಗೆ ಸಹಾಯವಲ್ಲ, ತೊಂದರೆ.

ಮೊದಲು ಜಾಗ. ಹಕ್ಕಿ ಬರಲಿಲ್ಲ ಎಂದು ಕೊರಗುವವರ ಅಂಗಳಕ್ಕೆ ಹೋಗಿ ನೋಡಿದರೆ ಬಹಳಷ್ಟು ಸಲ ತಪ್ಪಿರುವುದು ಇಲ್ಲೇ. ಮಾರ್ಟಿನ್ ಗೂಡಿಗೆ ಇಳಿಯುವುದು ವಿಮಾನದಂತೆ. ದೂರದಿಂದ ಜಾರಿಕೊಂಡು ಬರಲು ಬಯಲು ಬೇಕು. ಗೂಡಿಗಿಂತ ಎತ್ತರದ ಯಾವ ಮರವೂ 40 ಅಡಿಯೊಳಗೆ ಇರಬಾರದು, 60 ಅಡಿ ಬಿಟ್ಟರೆ ಇನ್ನೂ ಒಳ್ಳೆಯದು. ಮರ ಹತ್ತಿರವಿದ್ದರೆ ಗಿಡುಗ ಅದರ ಎಲೆಮರೆಯಲ್ಲಿ ಕೂತು ಹೊಂಚುಹಾಕುತ್ತದೆ ಎಂಬುದು ಹಕ್ಕಿಗೆ ಗೊತ್ತು. ಮನೆಯಿಂದ ಮಾತ್ರ ದೂರ ಹೋಗಬೇಡಿ. ಜನರ ಓಡಾಟವಿರುವ ಕಡೆ ಶತ್ರುಗಳ ಕಾಟ ಕಡಿಮೆ ಎಂದು ಇವು ಕಲಿತುಕೊಂಡಿವೆ. ಮನೆಯ ಗೋಡೆಯಿಂದ 100 ಅಡಿಯೊಳಗೆ ಕಂಬವಿರಲಿ. ಹತ್ತಿರದಲ್ಲಿ ಕೆರೆಯೋ ಹೊಳೆಯೋ ಇದ್ದರೆ ಅನುಕೂಲ, ಇಲ್ಲದಿದ್ದರೂ ನಡೆಯುತ್ತದೆ. ಅಂಗಳದ ಮಧ್ಯೆ ಹತ್ತು ವರ್ಷದ ಓಕ್ ಮರವಿದ್ದರೆ ಅದನ್ನು ಕಡಿಯಬೇಡಿ. ಆ ಅಂಗಳ ಬೇರೆ ಹಕ್ಕಿಗಳಿಗಿರಲಿ.

ಕಂಬದ ಗುಂಡಿ ತೋಡುವ ಮುಂಚೆ ಎರಡು ಫೋನ್ ಮಾಡಬೇಕು. ಒಂದು 811ಕ್ಕೆ, ನೆಲದಡಿಯ ಗ್ಯಾಸ್, ಕರೆಂಟು, ಕೇಬಲ್‌ಗಳನ್ನು ಗುರುತು ಮಾಡಿ ಹೋಗುತ್ತಾರೆ. ಇನ್ನೊಂದು ಬಡಾವಣೆಯ ಮಾಲೀಕರ ಸಂಘಕ್ಕೆ. ಡಲ್ಲಾಸ್, ಹ್ಯೂಸ್ಟನ್ ಸುತ್ತಿನ ಹೊಸ ಬಡಾವಣೆಗಳಲ್ಲಿ ನಮ್ಮವರ ಮನೆಗಳು ಬಹಳಷ್ಟಿವೆ. ಅಲ್ಲಿ ಮರಗಳು ಇನ್ನೂ ಚಿಕ್ಕವು, ಬಯಲು ಧಾರಾಳ, ಮಳೆನೀರು ನಿಲ್ಲಿಸುವ ಕೆರೆಗಳೂ ಉಂಟು, ಅಂದರೆ ಮಾರ್ಟಿನ್‌ಗೆ ಹೇಳಿ ಮಾಡಿಸಿದ ಜಾಗ. ಕಂಬದ ಎತ್ತರಕ್ಕೆ ಅನುಮತಿ ಬೇಕಾಗುವುದೂ ಅಂಥಲ್ಲೇ. ಬರಹದಲ್ಲಿ ಪಡೆದುಕೊಳ್ಳಿ.

ಕಂಬ ಉಕ್ಕಿನದಿರಲಿ, ಎತ್ತರ 12ರಿಂದ 15 ಅಡಿ ಸಾಕು. ಬುಡವನ್ನು ಸುಮಾರು 2 ಅಡಿ ಆಳದಲ್ಲಿ ಕಾಂಕ್ರೀಟ್ ಹಾಕಿ ಕೂರಿಸಿ, ಗಾಳಿಗೆ ಬುರುಡೆಗಳ ಭಾರವೆಲ್ಲ ಬುಡವನ್ನೇ ಕೀಳುತ್ತದೆ. ಹಗ್ಗ ಮತ್ತು ರಾಟೆಯದೋ ವಿಂಚ್ ತಿರುಗಿಸುವುದೋ, ಯಾವುದಾದರೂ ಸರಿ, ಬಾವಿಯಿಂದ ಕೊಡ ಸೇದಿದಷ್ಟು ಸಲೀಸಾಗಿ ಬುರುಡೆಗಳ ಗುಂಪು ಎದೆಮಟ್ಟಕ್ಕೆ ಇಳಿಯಬೇಕು. ಇಳಿಸಿ ಮತ್ತೆ ಏರಿಸಿದಾಗ ದಿಕ್ಕು ಬದಲಾಗಬಾರದು. ಪೂರ್ವಕ್ಕಿದ್ದ ಬಾಗಿಲು ದಕ್ಷಿಣಕ್ಕೆ ತಿರುಗಿದರೆ ತಾಯಿ ತನ್ನ ಮನೆ ಗುರುತಿಸದೆ ಪಕ್ಕದ ಮನೆಗೆ ನುಗ್ಗಿ ಜಗಳವಾಗುತ್ತದೆ. ಕಂಬದ ಮೇಲೂ ತೋಳಿನ ಮೇಲೂ ಬಣ್ಣದಲ್ಲಿ ಗುರುತು ಹಾಕಿಕೊಳ್ಳಿ. ಕಂಬಕ್ಕೆ ಗಟ್ಟಿಯಿರಲೆಂದು ನೆಲಕ್ಕೆ ತಂತಿ ಎಳೆದು ಕಟ್ಟುವವರಿದ್ದಾರೆ. ಆ ತಂತಿಯೇ ಅಳಿಲಿಗೂ ಹಾವಿಗೂ ದಾರಿ.

ಹಾವಿನ ಮಾತು ಬಂದದ್ದರಿಂದ ಇಲ್ಲೇ ಹೇಳಿಬಿಡುವುದು ಒಳ್ಳೆಯದು. ಇಲ್ಲಿನ ರ್ಯಾಟ್ ಸ್ನೇಕ್ ನಮ್ಮ ಕೇರೆಯಂತೆ ವಿಷವಿಲ್ಲದ್ದು, ಆದರೆ ನುಣುಪಾದ ಲೋಹದ ಕಂಬವನ್ನೂ ಹತ್ತಬಲ್ಲದು. ಒಂದು ರಾತ್ರಿಯಲ್ಲಿ ಎರಡು ಮೂರು ಗೂಡು ಬರಿದು ಮಾಡುತ್ತದೆ. ರಕೂನ್ ಎಂಬ ಮರ ಹತ್ತುವ ಪ್ರಾಣಿ ಕೂಡ ಹಾಗೆಯೇ, ಕೈ ಹಾಕಿ ಮರಿಗಳನ್ನು ಎಳೆದು ತೆಗೆಯುತ್ತದೆ. ಕನಿಷ್ಠ 8 ಇಂಚು ಅಗಲ, 2ರಿಂದ 3 ಅಡಿ ಉದ್ದದ, ಮೇಲ್ಬಾಯಿ ಮುಚ್ಚಿದ ತಗಡಿನ ಕೊಳವೆಯನ್ನು ನೆಲದಿಂದ ಸುಮಾರು 4 ಅಡಿ ಎತ್ತರದಲ್ಲಿ ಕಂಬಕ್ಕೆ ತೊಡಿಸಿದರೆ ಎರಡಕ್ಕೂ ತಡೆ. ಒಂದೂ ಹಕ್ಕಿ ಬಂದಿಲ್ಲವಲ್ಲ, ಬಂದ ಮೇಲೆ ಹಾಕೋಣ ಎನ್ನುವುದು ಸಾಮಾನ್ಯ ತಪ್ಪು. ರಾತ್ರೋರಾತ್ರಿ ಒಂದು ಸಲ ಸೂರೆಹೋದ ಕೇರಿಯನ್ನು ಉಳಿದ ಹಕ್ಕಿಗಳೂ ಬಿಟ್ಟುಹೋಗಬಹುದು. ಗೂಬೆಗಳಿರುವ ಕಡೆ ಬುರುಡೆಗಳ ಸುತ್ತ ತಂತಿಯ ಪಂಜರವೂ ಬೇಕಾಗುತ್ತದೆ, ಹಕ್ಕಿ ನುಸುಳುವಷ್ಟು, ಗೂಬೆಯ ಕಾಲು ಬಾಗಿಲು ಮುಟ್ಟದಷ್ಟು.

ಈಗ ಬುರುಡೆ. ಪ್ಲಾಸ್ಟಿಕ್ ಬುರುಡೆ ಅಂಗಡಿಯಲ್ಲಿ ಸಿಗುತ್ತದೆ, ಬಾಳಿಕೆಯೂ ಚೆನ್ನಾಗಿದೆ. ಆದರೂ ಬೆಳೆದ ಬುರುಡೆಯ ಕೆಲಸದಲ್ಲಿ ಒಂದು ಸುಖವಿದೆ, ಅದರಲ್ಲೂ ನಮಗೆ. ಇದು ನಾವು ಸಾಂಬಾರಿಗೆ ಹೆಚ್ಚುವ ಸೋರೆಕಾಯಿಯದೇ ಜಾತಿ. ಏಕತಾರಿಗೆ, ತಂಬೂರಿಗೆ ಕಟ್ಟುವ ಬುರುಡೆಯ ಬಳ್ಳಿಬಳಗ. ಹೊಟ್ಟೆ 8ರಿಂದ 10 ಇಂಚು ಅಗಲವಿರುವ, ಗೋಡೆ ದಪ್ಪವಿರುವ ಕಾಯಿ ಆರಿಸಿ. ಚಳಿಗಾಲವಿಡೀ ಒಣಗಿ, ಅಲ್ಲಾಡಿಸಿದಾಗ ಒಳಗೆ ಬೀಜ ಗಲಗಲ ಎಂದರೆ ಸಿದ್ಧ. ಮೇಲಿನ ಕಪ್ಪು ಬೂಷ್ಟನ್ನು ನೀರಲ್ಲಿ ನೆನೆಸಿ ಸ್ಟೀಲ್ ನಾರಿನಿಂದ ಉಜ್ಜಿ ತೆಗೆಯಬೇಕು. ಆಮೇಲೆ ತೊಟ್ಟಿನಿಂದ ಹಗ್ಗ ಕಟ್ಟಿ ತೂಗುಬಿಟ್ಟು, ಹೊಟ್ಟೆಯ ಯಾವ ಬಿಂದು ಎಲ್ಲಕ್ಕಿಂತ ಮುಂದಕ್ಕೆ ಚಾಚಿದೆಯೋ ಅಲ್ಲಿ ಪೆನ್ಸಿಲ್ ಗುರುತು ಹಾಕಿ. ಬಾಗಿಲಿನ ನಡು ಅದೇ. ಅದಕ್ಕಿಂತ ಮೇಲೆ ಕೊರೆದರೆ ಬಾಗಿಲು ಆಕಾಶ ನೋಡುತ್ತದೆ, ಮಳೆ ಒಳಗೆ; ಕೆಳಗೆ ಕೊರೆದರೆ ನೆಲ ನೋಡುತ್ತದೆ, ಮರಿ ಹೊರಗೆ.

ಬೀಜ, ನಾರು ಕೆರೆದು ತೆಗೆಯುವಾಗ ಮಾಸ್ಕ್ ಹಾಕಿಕೊಳ್ಳಿ, ಆ ಧೂಳು ಎದೆಗೆ ಹಿಡಿಯುತ್ತದೆ. ತಳದಲ್ಲಿ ಅರ್ಧ ಇಂಚಿನೊಳಗಿನ ನಾಲ್ಕೈದು ತೂತು, ನೀರಿಳಿಯಲು. ಕತ್ತಿನಲ್ಲಿ ಎರಡು ಮೂರು, ಬಿಸಿಗಾಳಿ ಹೊರಹೋಗಲು. ತೊಟ್ಟಿನ ಹತ್ತಿರ ತಂತಿ ಪೋಣಿಸಲು ಆರುಪಾರು ಒಂದು. ಪಕ್ಕದಲ್ಲಿ ನಿಮ್ಮ ಕೈ ಹೋಗುವಷ್ಟು ದೊಡ್ಡ, ತಿರುಪಿ ಮುಚ್ಚುವ ಮುಚ್ಚಳ ಕೂರಿಸಲೇಬೇಕು. ಕೊಳೆಯದಂತೆ ಮೈಲುತುತ್ತದಲ್ಲಿ ಅದ್ದುವುದು ವಾಡಿಕೆ: 5 ಗ್ಯಾಲನ್ ಬೆಚ್ಚನೆಯ ನೀರಿಗೆ 1 ಪೌಂಡ್, 15 ನಿಮಿಷ. ಅಡಿಕೆ ತೋಟಕ್ಕೆ ಸುಣ್ಣದ ಜೊತೆ ಬೆರೆಸಿ ಹೊಡೆಯುವ ಅದೇ ನೀಲಿ ಹರಳು. ಕೈಗವಸು ಹಾಕಿ, ಉಳಿದ ನೀರನ್ನು ಕೆರೆಗೆ ಚೆಲ್ಲಬೇಡಿ, ಮೀನು ಸಾಯುತ್ತವೆ. ಪೂರ್ತಿ ಒಣಗಿದ ಮೇಲೆ ಉಪ್ಪುಕಾಗದ ಹಾಕಿ ಹೊರಮೈಗೆ ಮಾತ್ರ ಪ್ರೈಮರ್, ಅದರ ಮೇಲೆ ಬಿಳಿ ಎನಾಮೆಲ್. ಬಿಳಿಯೇ ಏಕೆಂದರೆ ಜೂನ್ ಬಿಸಿಲಿನಲ್ಲಿ ಗಾಢ ಬಣ್ಣದ ಬುರುಡೆ ಒಲೆಯಾಗುತ್ತದೆ. ಬಿಳಿಯ ಮೇಲೆ ಕಪ್ಪು ಬಾಗಿಲು ದೂರದ ಹಕ್ಕಿಗೂ ಎದ್ದು ಕಾಣುತ್ತದೆ. ಶುರುವಿಗೆ ಆರು ಬುರುಡೆ ಸಾಕು. ಪೆಟ್ಟಿಗೆಮನೆ ಬೇಕೆನ್ನುವವರು ಕೋಣೆಯ ಅಳತೆ ನೋಡಿ: ಹಳೆಯ 6 ಇಂಚು ಚೌಕದ ಕೋಣೆ ಇಕ್ಕಟ್ಟು, ಗೂಬೆಯ ಕೈಗೆ ಮರಿ ಸಿಗುತ್ತದೆ. 12 ಇಂಚು ಆಳ ಬೇಕು.

ಬಾಗಿಲ ಅಳತೆಯಲ್ಲಿ ಎಲ್ಲ ಗುಟ್ಟೂ ಅಡಗಿದೆ. ಹಳೆಯ ಕ್ರಮದ ದುಂಡು ಬಾಗಿಲು 2⅛ ಇಂಚು. ಅದರಲ್ಲಿ ಮಾರ್ಟಿನ್ ಸಲೀಸಾಗಿ ಹೋಗುತ್ತದೆ, ಸ್ಟಾರ್ಲಿಂಗ್ ಕೂಡ. 1890ರಲ್ಲಿ ನ್ಯೂಯಾರ್ಕ್‌ನ ಸೆಂಟ್ರಲ್ ಪಾರ್ಕಿನಲ್ಲಿ ಬಿಡಲಾದ ಯುರೋಪಿನ ಈ ಹಕ್ಕಿ ನಮ್ಮ ಗೊರವಂಕದ ಸಂಬಂಧಿ, ಇಂದು ಖಂಡದ ತುಂಬ ಇದೆ. ಗೂಡಿಗಾಗಿ ಮಾರ್ಟಿನ್ ಜೊತೆ ಕಾದಾಡಿ ಕೊಂದೂ ಹಾಕುತ್ತದೆ. ಇದನ್ನು ತಡೆಯಲು ಬಳಸುವುದು ಅರ್ಧಚಂದ್ರದ ಬಾಗಿಲು: ಅಗಲ 3 ಇಂಚು, ಎತ್ತರ 1 3/16 ಇಂಚು, ಅಂದರೆ 30 ಮಿಲಿಮೀಟರ್. ಮಾರ್ಟಿನ್ ಎದೆ ಚಪ್ಪಟೆ, ಕಾಲು ಗಿಡ್ಡ. ಹೊಸ್ತಿಲಿಗೆ ಹೊಟ್ಟೆ ಹಚ್ಚಿ, ರೆಕ್ಕೆಯನ್ನು ಒತ್ತಿಕೊಂಡು ಒಂದೇ ತೆವಳಿಗೆ ಒಳಗಿರುತ್ತದೆ. ಸ್ಟಾರ್ಲಿಂಗ್ ತಲೆ ತೂರಿಸುತ್ತದೆ, ಕತ್ತೂ ಹೋಗುತ್ತದೆ, ಉಬ್ಬಿದ ಎದೆ ಮೇಲಂಚಿಗೆ ತಗುಲಿ ನಿಲ್ಲುತ್ತದೆ. ಒಂದೆರಡು ಮಿಲಿಮೀಟರ್ ಸಡಿಲ ಬಿಟ್ಟರೆ ಮುಗಿಯಿತು, ಅದು ಹೇಗಾದರೂ ತುರುಕಿಕೊಳ್ಳುತ್ತದೆ. ಆದ್ದರಿಂದ ಕಣ್ಣಂದಾಜಿನಲ್ಲಿ ಕೊರೆಯಬೇಡಿ. ಬಾಗಿಲ ಕೆಳಅಂಚು ಅದರ ಮುಂದೆ ಹಕ್ಕಿ ಕೂರುವ ಜಗಲಿಯ ಮಟ್ಟಕ್ಕೇ ಇರಬೇಕು, ಅರ್ಧ ಇಂಚಿಗಿಂತ ಮೇಲೆ ಹೋಗಕೂಡದು.

ಅರ್ಧಚಂದ್ರದ ಬಾಗಿಲು ತಡೆಯದ ಹಕ್ಕಿಯೊಂದಿದೆ, ಅದು ಗುಬ್ಬಿ. ನಮ್ಮವರಿಗೆ ಮನಸ್ಸು ಹಿಂಡುವ ಜಾಗ ಇದು. ಊರಿನಲ್ಲಿ ಗುಬ್ಬಿ ಕಾಣೆಯಾಯಿತೆಂದು ಮರುಗಿ, ಮಾರ್ಚ್ 20ರಂದು ಗುಬ್ಬಿ ದಿನ ಆಚರಿಸಿ, ಸೂರಿನಡಿ ಪೆಟ್ಟಿಗೆ ಕಟ್ಟುವವರು ನಾವು. ಅದೇ ಮನೆಗುಬ್ಬಿಯನ್ನು 1850ರ ದಶಕದ ಆರಂಭದಲ್ಲಿ ಬ್ರೂಕ್ಲಿನ್‌ಗೆ ತಂದು ಬಿಟ್ಟರು. ಇಲ್ಲಿ ಅದು ಮಾರ್ಟಿನ್ ಮೊಟ್ಟೆಗಳನ್ನು ಕುಕ್ಕಿ ಒಡೆಯುತ್ತದೆ, ಎಳೆ ಮರಿಗಳನ್ನು ಎಳೆದು ಹೊರಹಾಕುತ್ತದೆ. ಗುಬ್ಬಿಯನ್ನು ದ್ವೇಷಿಸಬೇಕಿಲ್ಲ, ಆದರೆ ಬುರುಡೆಯಲ್ಲಿ ಅದಕ್ಕೆ ಜಾಗ ಕೊಡಲಾಗದು. ಗೂಡನ್ನಷ್ಟೇ ಕಿತ್ತೆಸೆದರೆ ಸಾಲದು, ಇನ್ನೂ ಕೆಡುತ್ತದೆ: ಗಂಡು ಗುಬ್ಬಿ ಆ ತೂತನ್ನೇ ತನ್ನದೆಂದು ಹಿಡಿದಿರುತ್ತದೆ, ಗೂಡು ಹೋದ ಸಿಟ್ಟನ್ನು ಅಕ್ಕಪಕ್ಕದ ಮಾರ್ಟಿನ್ ಮೊಟ್ಟೆಗಳ ಮೇಲೆ ತೀರಿಸುತ್ತದೆ. ಮಾರ್ಟಿನ್ ಮೊಟ್ಟೆಯಿಡುವ ಮುಂಚೆಯೇ ಬೋನಿಟ್ಟು ಆ ಗಂಡನ್ನು ಹಿಡಿಯುವುದೊಂದೇ ನೆಚ್ಚಬಹುದಾದ ದಾರಿ. ಹಿಡಿದದ್ದನ್ನು ಗಾಯಗೊಂಡ ಗಿಡುಗಗಳನ್ನು ಸಾಕುವ ಕೇಂದ್ರಗಳಿಗೆ ಕೊಡುವವರಿದ್ದಾರೆ. ಇದು ತಮ್ಮಿಂದಾಗದು ಎನ್ನುವವರ ಮನಸ್ಸು ಅರ್ಥವಾಗುತ್ತದೆ. ಅವರು ಬುರುಡೆಗೆ ಬಿರಡೆ ಹಾಕಿ ಇಡುವುದು ಒಳಿತು.

ಕಾನೂನನ್ನೂ ತಿಳಿದಿರಬೇಕು. ಗುಬ್ಬಿ, ಸ್ಟಾರ್ಲಿಂಗ್‌ಗಳಿಗೆ 1918ರ ವಲಸೆ ಹಕ್ಕಿಗಳ ಕಾಯ್ದೆಯ ರಕ್ಷಣೆಯಿಲ್ಲ. ಟ್ರೀ ಸ್ವಾಲೋ, ಬ್ಲೂಬರ್ಡ್ ಮುಂತಾದ ಇಲ್ಲಿನವೇ ಆದ ಹಕ್ಕಿಗಳಿಗೆ ಇದೆ; ಅವು ಬುರುಡೆಯಲ್ಲಿ ಮೊಟ್ಟೆಯಿಟ್ಟರೆ ಮುಟ್ಟುವಂತಿಲ್ಲ. ಹಾಗಾಗಿ ಯಾರ ಗೂಡು ಎಂದು ಗುರುತಿಸಲು ಕಲಿಯಬೇಕು. ಹುಲ್ಲು, ಗರಿ, ಪ್ಲಾಸ್ಟಿಕ್ ಚೂರು ತುರುಕಿ ಮೇಲೆ ಕಮಾನು ಮಾಡಿದ್ದರೆ, ಮೊಟ್ಟೆಯ ಮೇಲೆ ಕಂದು ಚುಕ್ಕೆಗಳಿದ್ದರೆ ಗುಬ್ಬಿ. ತಿಳಿನೀಲಿ ಮೊಟ್ಟೆ ಸ್ಟಾರ್ಲಿಂಗ್‌ದು. ಟ್ರೀ ಸ್ವಾಲೋ ಮೊಟ್ಟೆಯೂ ಬಿಳಿಯೇ, ಮಾರ್ಟಿನ್‌ಗಿಂತ ಚಿಕ್ಕದು, ಗೂಡಿನಲ್ಲಿ ಗರಿ ಹಾಸಿರುತ್ತದೆ.

ಬಾಗಿಲು ತೆರೆಯುವುದು ಯಾವಾಗ? ಫ್ಲಾರಿಡಾಕ್ಕೆ ಮೊದಲ ಹಕ್ಕಿಗಳು ಜನವರಿಯಲ್ಲೇ ಬರುತ್ತವೆ, ಟೆಕ್ಸಾಸಿಗೆ ಫೆಬ್ರವರಿ ಹೊತ್ತಿಗೆ, ಪೆನ್ಸಿಲ್ವೇನಿಯಾಕ್ಕೆ ಏಪ್ರಿಲ್‌ನಲ್ಲಿ. ಇವು ಊರು ನೋಡಲು ಬಂದ ದೂತರು ಎಂಬ ನಂಬಿಕೆ ಗಟ್ಟಿಯಾಗಿದೆ, ಸರಿಯಲ್ಲ. ಕಳೆದ ವರ್ಷ ಮರಿಮಾಡಿ ಗೆದ್ದ ಹಿರಿಯ ಹಕ್ಕಿಗಳಿವು, ತಂತಮ್ಮ ಹಳೆಯ ಕಂಬಕ್ಕೆ ನೇರ ಹೋಗುತ್ತವೆ. ನಿಮ್ಮ ಹೊಸ ಬುರುಡೆಯ ಕಡೆ ತಿರುಗಿಯೂ ನೋಡಲಿಕ್ಕಿಲ್ಲ. ಒಂದು ವರ್ಷದ ಹಕ್ಕಿಗಳು ನಾಲ್ಕು ವಾರ, ಕೆಲವು ಇನ್ನೂ ತಡವಾಗಿ ಬರುತ್ತವೆ, ಸ್ವಂತ ಮನೆಯಿಲ್ಲದೆ ಹುಡುಕಾಡುತ್ತವೆ. ಆದ್ದರಿಂದ ಹೊಸಬರು ತಮ್ಮ ಸೀಮೆಗೆ ಮೊದಲ ಹಕ್ಕಿ ಬಂದ ಸುಮಾರು ನಾಲ್ಕು ವಾರಕ್ಕೆ ಬಿರಡೆ ತೆಗೆದರೆ ಸಾಕು. ಮುಂಚೆ ತೆರೆದಿಟ್ಟರೆ ಗುಬ್ಬಿ ಮೊದಲೇ ಬಂದು ಕೂತಿರುತ್ತದೆ. ತಿಂಗಳು ಕಾದು ಯಾರೂ ಬರಲಿಲ್ಲವೆಂದು ಏಪ್ರಿಲ್‌ನಲ್ಲೇ ಇಳಿಸಿಬಿಡುವುದು ಇನ್ನೊಂದು ತಪ್ಪು.

ಕರೆಯಲು ಒಂದು ಉಪಾಯ ನಿಜಕ್ಕೂ ಕೆಲಸ ಮಾಡುತ್ತದೆ. ಗಂಡು ಮಾರ್ಟಿನ್ ಬೆಳಗಿನ ಜಾವದ ಕತ್ತಲಲ್ಲಿ ಮೇಲೇರಿ ಒಂದೇ ಸಮನೆ ಹಾಡುತ್ತದೆ, ಹಾದುಹೋಗುವ ಎಳೆಯ ಹಕ್ಕಿಗಳಿಗೆ ಅದು ಕೂಗಿ ಕರೆದಂತೆ. ಆ ಹಾಡಿನ ಧ್ವನಿಮುದ್ರಿಕೆಯನ್ನು ನಾಲ್ಕೂವರೆಯಿಂದ ಆರರವರೆಗೆ ಕಂಬದ ಬುಡದಲ್ಲಿ ಹಾಕಿ. ನೆರೆಯವರಿಗೆ ಮೊದಲೇ ಒಂದು ಮಾತು ಹೇಳಿಡಿ. ಪ್ಲಾಸ್ಟಿಕ್ ಗೊಂಬೆಹಕ್ಕಿಗಳಿಗೆ ದುಡ್ಡು ಹಾಕಬೇಕಾಗಿಲ್ಲ. ಬುರುಡೆಯ ತಳದಲ್ಲಿ ಒಂದು ಇಂಚು ಒಣ ಪೈನ್ ಎಲೆಯನ್ನೋ, ಕೀಸುಳಿ ಹಾಕಿದಾಗ ಬೀಳುವ ಮರದ ಸುರುಳಿಯನ್ನೋ ಹಾಸಿಡಿ.

ಜೋಡಿ ನೆಲೆಸಿದ ಮೇಲೆ ಒಂದು ಬುರುಡೆಯ ಮುಚ್ಚಳ ತಿರುಪಿ ನೋಡಿ. ಬಾಗಿಲ ಒಳಗಡೆ ಕೆಸರು ಮೆತ್ತಿ ಕಟ್ಟಿದ ಪುಟ್ಟ ಒಡ್ಡು, ಮೊಟ್ಟೆ ಉರುಳದಂತೆ, ಮಳೆನೀರು ನುಗ್ಗದಂತೆ. ಹಿಂದೆ ಕಡ್ಡಿ, ಹುಲ್ಲು. ನಡುವಿನ ಬಟ್ಟಲಿನಂಥ ತಗ್ಗಿನಲ್ಲಿ ಹಸಿ ಎಲೆ ಹಾಸಿರುತ್ತದೆ, ಆಗಷ್ಟೇ ಕಿತ್ತು ತಂದದ್ದು, ಅಂಚು ಇನ್ನೂ ಬಾಡಿರುವುದಿಲ್ಲ. ಅದರ ಮೇಲೆ ಅಚ್ಚಬಿಳಿ ಮೊಟ್ಟೆ, ದಿನಕ್ಕೊಂದರಂತೆ ನಾಲ್ಕರಿಂದ ಆರು. ಕಾವು ಕೂರುವುದು ಹೆಣ್ಣು, ಹದಿನೈದು ಹದಿನಾರು ದಿನ. ಮರಿ ಹಾರಲು ಮತ್ತೆ ನಾಲ್ಕು ವಾರ.

ಐದರಿಂದ ಏಳು ದಿನಕ್ಕೊಮ್ಮೆ ಇಳಿಸಿ ನೋಡಬೇಕು. ಪ್ರತಿ ಬುರುಡೆಗೂ ನಂಬರು, ಪ್ರತಿ ನಂಬರಿಗೂ ಪುಸ್ತಕದಲ್ಲಿ ಒಂದು ಪುಟ: ಮೊದಲ ಮೊಟ್ಟೆಯ ದಿನ, ಎಷ್ಟು, ಒಡೆದದ್ದು ಯಾವಾಗ. ಮನುಷ್ಯನ ಕೈ ತಾಕಿದರೆ ತಾಯಿ ಮರಿ ಬಿಡುತ್ತದೆ ಎಂಬುದು ಸುಳ್ಳು, ಧೈರ್ಯವಾಗಿ ಮುಟ್ಟಿ. ಗೂಡು ಒದ್ದೆಯಾಗಿದ್ದರೆ, ನೊಣದ ಹುಳು ತುಂಬಿದ್ದರೆ ಮರಿಗಳನ್ನು ಬಕೆಟ್ಟಿಗೆ ವರ್ಗಾಯಿಸಿ, ಹಳೆಯದನ್ನು ತೆಗೆದು ಹೊಸ ಹಾಸು ಹಾಕಿ ವಾಪಸಿಡಿ. ಒಳಗೆ ಕೀಟನಾಶಕ ಪುಡಿ ಉದುರಿಸಬೇಡಿ. ಪುಟದಲ್ಲಿ ಬರೆದ ತಾರೀಕು ನಿಜಕ್ಕೂ ಬೇಕಾಗುವುದು ಕೊನೆಯ ವಾರದಲ್ಲಿ: ಮರಿಗೆ 22 ದಿನವಾದ ಮೇಲೆ ಮುಚ್ಚಳ ತೆರೆದರೆ ಹೆದರಿ ಹೊರಗೆ ಹಾರುತ್ತವೆ, ಹಾರಲು ಬಾರದೆ ನೆಲಕ್ಕೆ ಬೀಳುತ್ತವೆ. ಬಿದ್ದ ಮರಿಯನ್ನು ಅದರ ಬುರುಡೆಗೇ ಸೇರಿಸಿ. ಯಾವುದೆಂದು ತಿಳಿಯದಿದ್ದರೆ ಅದೇ ಪ್ರಾಯದ ಮರಿಗಳಿರುವ ಗೂಡಿಗೆ ಹಾಕಿ, ತಾಯಿ ಭೇದ ಮಾಡುವುದಿಲ್ಲ. ಕೋಳಿಮೊಟ್ಟೆಯ ಚಿಪ್ಪನ್ನು ತೊಳೆದು, ಓವನ್‌ನಲ್ಲಿ ಒಣಗಿಸಿ, ಪುಡಿಮಾಡಿ ತಟ್ಟೆಯಲ್ಲಿಟ್ಟರೆ ಸುಣ್ಣದಂಶಕ್ಕಾಗಿ ತಿನ್ನಲು ಬರುತ್ತವೆ.

ಕಾಳು ಹಾಕಿ ಮಾರ್ಟಿನ್ ಕರೆಯಲಾಗದು, ಅದು ಹಾರುವ ಹುಳವನ್ನು ಹಾರುತ್ತಲೇ ಹಿಡಿದು ತಿನ್ನುವ ಹಕ್ಕಿ. ಏರೋಪ್ಲೇನ್ ಚಿಟ್ಟೆ, ದುಂಬಿ, ನೊಣ, ರೆಕ್ಕೆ ಬಂದ ಇರುವೆ. ದಕ್ಷಿಣದ ಅಂಗಳಗಳನ್ನು ಕಾಡುವ ಕೆಂಜಿರುವೆಯಂಥ ಫೈರ್ ಆಂಟ್‌ನ ರೆಕ್ಕೆಯ ರಾಣಿಗಳನ್ನೂ ಸಾಕಷ್ಟು ಹಿಡಿಯುತ್ತದೆ. ದಿನಕ್ಕೆ 2,000 ಸೊಳ್ಳೆ ತಿನ್ನುತ್ತದೆ ಎಂಬ ಮಾತು ಮಾತ್ರ 1960ರ ದಶಕದಲ್ಲಿ ಮನೆ ಮಾರುವವರು ಹಬ್ಬಿಸಿದ್ದು. ಮಾರ್ಟಿನ್ ಹಗಲಲ್ಲಿ ನೂರಾರು ಅಡಿ ಎತ್ತರದಲ್ಲಿ ಬೇಟೆಯಾಡುತ್ತದೆ, ಸೊಳ್ಳೆ ಮುಸ್ಸಂಜೆಯಲ್ಲಿ ನೆಲಮಟ್ಟದಲ್ಲಿ ಹಾರುತ್ತದೆ. ಎರಡೂ ಎದುರಾಗುವುದೇ ಅಪರೂಪ. ಸೊಳ್ಳೆಗಾಗಿ ಕಂಬ ನೆಡಬೇಡಿ. ನೆಟ್ಟ ಮೇಲೆ ಹುಲ್ಲುಹಾಸಿಗೆ ಕೀಟನಾಶಕ ಹೊಡೆಯುವುದನ್ನು ನಿಲ್ಲಿಸಿ.

ಹುಳವನ್ನೇ ನಂಬಿದ ಹಕ್ಕಿಗೆ ದೊಡ್ಡ ಗಂಡಾಂತರವೆಂದರೆ ವಸಂತದ ಚಳಿಮಳೆ. ಉಷ್ಣಾಂಶ 10 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದರೆ ಹುಳ ಹಾರುವುದಿಲ್ಲ. ಅಂಥ ಹವೆ ಮೂರು ನಾಲ್ಕು ದಿನ ಹಿಡಿದರೆ, ಬ್ರೆಜಿಲ್‌ನಿಂದ ಬಂದಿಳಿದ ಹಕ್ಕಿಗಳು ಬುರುಡೆಯೊಳಗೆ ಒಂದರ ಮೇಲೊಂದು ಒತ್ತಿಕೊಂಡು ಹಾಗೆಯೇ ಸಾಯುತ್ತವೆ. ಎರಡನೆಯ ದಿನವೇ ಕೈಹಚ್ಚಬೇಕು. ಸಾಕುಪ್ರಾಣಿ ಅಂಗಡಿಯ ಜೀರುಂಡೆ ಅಥವಾ ಮೀಲ್‌ವರ್ಮ್ ಹುಳುಗಳನ್ನು ಪ್ಲಾಸ್ಟಿಕ್ ಚಮಚದಿಂದ ಕೂತ ಹಕ್ಕಿಯ ಮೇಲಕ್ಕೆ ಚಿಮ್ಮಿ. ಮೊದಲ ಇಪ್ಪತ್ತು ಮೂವತ್ತು ವ್ಯರ್ಥ ಬೀಳುತ್ತವೆ. ಒಂದು ಹಕ್ಕಿ ಎದ್ದು ಗಾಳಿಯಲ್ಲೇ ಕಚ್ಚಿಕೊಂಡಿತೆಂದರೆ ಉಳಿದವು ನೋಡಿ ಕಲಿಯುತ್ತವೆ. ಆಮೇಲೆ ಎಣ್ಣೆ, ಉಪ್ಪು ಹಾಕದೆ ಬೇಯಿಸಿ ಕದಡಿದ ಮೊಟ್ಟೆಯ ಚೂರನ್ನೂ ಹಿಡಿಯುತ್ತವೆ.

ಬರುವ ದಾರಿ ಎಷ್ಟು ದೂರದ್ದೆಂದು ಲೆಕ್ಕ ಸಿಕ್ಕಿದ್ದು 2009ರಲ್ಲಿ. ಪಕ್ಷಿವಿಜ್ಞಾನಿ ಬ್ರಿಜೆಟ್ ಸ್ಟಚ್‌ಬರಿ ಮತ್ತು ಸಂಗಡಿಗರು ಪೆನ್ಸಿಲ್ವೇನಿಯಾದ ಹಕ್ಕಿಗಳ ಬೆನ್ನಿಗೆ, ಹಾರಿದ ದಾರಿಯನ್ನು ದಾಖಲಿಸುವ ಪುಟ್ಟ ಜಿಯೋಲೊಕೇಟರ್ ಕಟ್ಟಿ ಪಡೆದ ವಿವರ ಆ ವರ್ಷ 'ಸೈನ್ಸ್' ಪತ್ರಿಕೆಯಲ್ಲಿ ಬಂತು. ಒಂದು ಹೆಣ್ಣು ಅಮೆಜಾನ್ ಸೀಮೆಯಿಂದ ತನ್ನ ಕಂಬಕ್ಕೆ ಸುಮಾರು 7,500 ಕಿ.ಮೀ. ದೂರವನ್ನು 13 ದಿನದಲ್ಲಿ ಹಾರಿ ಬಂದಿತ್ತು.

ಜುಲೈ ಹೊತ್ತಿಗೆ ದಕ್ಷಿಣದ ಕಂಬಗಳು ಬರಿದಾಗುತ್ತವೆ. ಹಾರಲು ಕಲಿತ ಮರಿಗಳೂ ಹಿರಿಯವೂ ಲೂಸಿಯಾನಾದ ಪಾಂಚಾರ್ಟ್ರೇನ್ ಸರೋವರದ ಸೇತುವೆ, ದಕ್ಷಿಣ ಕೆರೊಲಿನಾದ ಮರ್ರೆ ಸರೋವರದಂಥ ಕಡೆ ಲಕ್ಷಗಟ್ಟಲೆ ಸೇರಿ ರಾತ್ರಿ ತಂಗುತ್ತವೆ. ನಸುಕಿನಲ್ಲಿ ಒಟ್ಟಿಗೆ ಎದ್ದು ನಾಲ್ಕೂ ದಿಕ್ಕಿಗೆ ಚದುರುವಾಗ ಹವಾಮಾನದ ರೇಡಾರ್ ಪರದೆಯ ಮೇಲೆ ಮಳೆಯಿಲ್ಲದ ಆಕಾಶದಲ್ಲಿ ಒಂದು ಉಂಗುರ ಮೂಡಿ ಅಗಲವಾಗುತ್ತ ಹೋಗುತ್ತದೆ.

ಅಷ್ಟರಲ್ಲಿ ಅಂಗಳದಲ್ಲಿ ಒಂದು ಕೆಲಸ ಬಾಕಿಯಿರುತ್ತದೆ. ಕೊನೆಯ ಮರಿ ಹಾರಿ ಎರಡು ವಾರ ಬಿಟ್ಟು ಬುರುಡೆಗಳನ್ನು ಇಳಿಸಿ, ಹಾಸು ತೆಗೆದು, ಒಂದು ಪಾಲು ಬ್ಲೀಚಿಗೆ ಒಂಬತ್ತು ಪಾಲು ನೀರು ಸೇರಿಸಿ ತೊಳೆಯಿರಿ. ಬಿಸಿಲಲ್ಲಿ ಪೂರ್ತಿ ಒಣಗಿಸಿ, ಬಿರುಕಿದ್ದರೆ ಮೆತ್ತಿ, ಬಾಗಿಲಿಗೆ ಬಿರಡೆ ಹಾಕಿ ಗ್ಯಾರೇಜಿನಲ್ಲಿ ತೂಗುಹಾಕಿ. ನಂಬರುಗಳು ಮಾಸಿದ್ದರೆ ಈಗಲೇ ತಿದ್ದಿಬಿಡಿ.